ಜೇಡಿಮಣ್ಣು ಮೈಗೆ ಅಂಟಿಕೊಳ್ಳುವುದು ಯಾಕೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು, ರಾಚಿ. ಹುಲ್ಲು ಹುಟ್ಟಿರಲಿಲ್ಲ, ಹುಳ ಹುಟ್ಟಿರಲಿಲ್ಲ. ಕಲ್ಲು, ನೀರು, ಗಾಳಿ, ಬಿಸಿಲು, ಇಷ್ಟೇ. ಗಾಳಿ ಬೀಸ್ತಿತ್ತು, ಅಲ್ಲಾಡೋಕೆ ಒಂದು ಎಲೆ ಇರಲಿಲ್ಲ. ಸಮುದ್ರ ಮೊರೀತಿತ್ತು, ಕೇಳೋಕೆ ಒಂದು ಕಿವಿ ಇರಲಿಲ್ಲ. ಹಾಗಾದ್ರೆ ಇದನ್ನೆಲ್ಲ ನೋಡಿದ್ದು ಯಾರಜ್ಜಿ ಅಂತ ಅಡ್ಡಬಾಯಿ ಹಾಕಬೇಡ. ಐವತ್ತು ವರ್ಷ ಕುಂಬಾರರ ಮನೇಲಿ ಮಣ್ಣು ತುಳಿದವಳು ನಾನು. ಮಣ್ಣು ಹೇಳಿದ್ದನ್ನ ಹೇಳ್ತೀನಿ, ಸುಮ್ನೆ ಕೇಳು.

ಆ ನೀರಲ್ಲಿ ನಾಲ್ಕು ಜನ ಅಕ್ಕತಂಗಿಯರು ತೇಲ್ತಿದ್ರು. ಜನ ಅಂತ ಬಾಯಿಮಾತಿಗೆ ಹೇಳಿದೆ. ಅವರಿಗೆ ಕಣ್ಣಿಲ್ಲ, ಮುಖ ಇಲ್ಲ, ಕೈಕಾಲಿಲ್ಲ. ಸಾಸಿವೆ ಕಾಳನ್ನ ಲಕ್ಷ ಸಾರಿ ಒಡೆದರೂ ಅವರಷ್ಟು ಸಣ್ಣ ಚೂರು ಸಿಗಲ್ಲ. ಹೆಸರೂ ಇರಲಿಲ್ಲ, ಇಡೋಕೆ ಯಾರಿದ್ರು? ಇದ್ದದ್ದು ದನಿ ಮಾತ್ರ. ಕತ್ತಲ ನೀರಲ್ಲಿ ಒಬ್ಬಳು "ಇದ್ದೀಯಾ?" ಅಂತಿದ್ದಳು. ಇನ್ನೊಬ್ಬಳು "ಇದ್ದೀನಿ" ಅಂತಿದ್ದಳು.

ಮೊದಲು ಅಂಥವರು ಬೇಕಾದಷ್ಟಿದ್ರು. ಆದರೆ ಆಗಿನ ಬಿಸಿಲು ಈಗಿನ ಹಾಗೆ ಸಾಧು ಅಲ್ಲ. ಕಂಡಿದ್ದನ್ನೆಲ್ಲ ಸುಟ್ಟು ಮುರಿದು ಹಾಕ್ತಿತ್ತು. ಉಳಿದವರನ್ನ ನೀರು ದೂರ ದೂರ ಎಳೆದು ಕರಗಿಸ್ತಿತ್ತು. ಒಂದೊಂದೇ ದನಿ ನಿಂತು ಹೋಯ್ತು. "ಇದ್ದೀಯಾ?" ಅಂದರೆ ಉತ್ತರ ಕೊಡೋರು ಕಡೆಗೆ ಈ ನಾಲ್ವರೇ. ಇವರೂ ಹೋದರೆ ಮುಂದೆ ಮೀನಿಲ್ಲ, ಮರ ಇಲ್ಲ, ನೀನಿಲ್ಲ, ನಾನಿಲ್ಲ.

ಅವರು ಗಾಳಿಯನ್ನ ಕೇಳಿದ್ರು, ನಮ್ಮನ್ನ ಕಾಪಾಡು ಅಂತ. ನನಗೆ ಹಿಡಿಯೋಕೆ ಬರಲ್ಲ, ಎಸೆಯೋದೊಂದೇ ಗೊತ್ತು ಅಂತು ಗಾಳಿ. ಕರೀ ಬಂಡೆ ಮೇಲೆ ಕೂತು ನೋಡಿದ್ರು, ಜಾರಿ ಬಿದ್ರು. ಸಮುದ್ರ ಪಾಪ, ನನ್ನೊಳಗೆ ಬಿದ್ದದ್ದು ಉಳಿಯಲ್ಲ ಕಣ್ರೇ ಅಂತ ಗೋಳಾಡ್ತು.

ದಡದಲ್ಲಿ ಜೇಡಿಮಣ್ಣು ಮಲಗಿತ್ತು. ಮಡಚಿಟ್ಟ ಸೀರೆ ಹಾಗೆ ಪದರ, ಪದರದ ಮೇಲೆ ಪದರ. ಅದು ಯಾರ ಜೊತೆಗೂ ಮಾತಾಡಿದ್ದಿಲ್ಲ. ಅವತ್ತು ಮೊದಲ ಸಲ ಬಾಯಿ ಬಿಟ್ಟು, ಒಳಗೆ ಬನ್ನಿ ಅಂತು.

ದೊಡ್ಡವರಿಬ್ಬರು ಒಳಗೆ ಹೋದ ತಕ್ಷಣ ಗಟ್ಟಿಯಾಗಿ ಅಂಟಿಕೊಂಡ್ರು. ಮೂರನೆಯವಳು ಅಷ್ಟಕ್ಕಷ್ಟೇ. ಕಿರಿಯವಳು ಮಾತ್ರ ಅಂಟೋಳೇ ಅಲ್ಲ. ಪ್ರತಿ ಅಲೆಗೂ ಜಾರಿ ನೀರಿಗೆ ಹೋಗೋಳು. ಅಕ್ಕಂದಿರು ಕರೆದು ಕರೆದು ಸಾಕಾಗಿ, ಕೊನೆಗೆ ಅವಳನ್ನ ತಮ್ಮ ನಡುವೆ ಒತ್ತರಿಸಿಕೊಂಡ್ರು. ನೀರು ಇಳೀತು, ಮಣ್ಣು ಒಣಗ್ತು, ಪದರಗಳು ಬಿಗಿದವು. ಒಳಗೆ ಬಿಸಿಲಿಗೆ ದಾರಿ ಇಲ್ಲ. ಆ ಬಿಗಿಯಲ್ಲಿ ನಾಲ್ವರೂ ಒಬ್ಬರಿಗೊಬ್ಬರು ಬೆಸೆದುಕೊಂಡು, ಬಿಸಿಲಿಗೂ ನೀರಿಗೂ ಮುರಿಯದ ಒಂದು ಸರ ಆದ್ರು.

ಸರ ಆದಮೇಲೆ ಅವರಿಗೊಂದು ವಿದ್ಯೆ ತಿಳೀತು. ತಮ್ಮ ಹಾಗೇ ಇನ್ನೊಂದು ಸರ ಹುಟ್ಟಿಸೋ ವಿದ್ಯೆ. ಆದರೆ ಅದಕ್ಕೆ ಮಗ್ಗುಲು ಬದಲಿಸೋಕೆ ಜಾಗ ಬೇಕು, ನೀರು ಬೇಕು. ನೀರು ಬಂದಾಗ ನಮ್ಮನ್ನ ಬಿಡು ಅಂದ್ರು.

ಜೇಡಿಮಣ್ಣು ಬಿಡಲಿಲ್ಲ. ಬಿಟ್ಟರೆ ಮತ್ತೆ ಒಂಟಿ ಆಗ್ತೀನಿ ಅಂತ ಅದಕ್ಕೆ ಭಯ. ನೀರು ಬಂತು, ಹೋಯ್ತು, ಮತ್ತೆ ಬಂತು. ಅದು ಇನ್ನೂ ಬಿಗಿಯಾಗಿ ಅಪ್ಪಿಕೊಳ್ತು. ಮುದ್ದು ಮಾಡಿ ಮಾಡಿ ಉಸಿರು ಕಟ್ಟಿಸೋದು ಅಂದ್ರೆ ಇದೇ. ಒಳಗೆ "ಇದ್ದೀಯಾ?" "ಇದ್ದೀನಿ" ಅನ್ನೋ ದನಿ ಸಣ್ಣ ಆಗ್ತಾ ಬಂತು.

ಒಂದು ದಿನ "ಇದ್ದೀಯಾ?" ಅಂದಾಗ ಕಿರಿಯವಳು ಉತ್ತರ ಕೊಡಲಿಲ್ಲ.

ಲೋಕದಲ್ಲಿ ಅದಕ್ಕೆ ಮುಂಚೆ ಎಷ್ಟೋ ಮೌನ ಇತ್ತು, ಕೇಳಿಸಿಕೊಂಡೋರಿಲ್ಲ. ಈ ಮೌನ ಜೇಡಿಮಣ್ಣಿಗೆ ಕೇಳಿಸ್ತು. ತಾನೇ ಮೆಲ್ಲಗೆ "ಇದ್ದೀಯಾ?" ಅಂತು. ಇಲ್ಲ. ನಾನೇ ಕೊಂದೆನಲ್ಲ ಅಂತ ಅದು ಅತ್ತು, ಎಲ್ಲಾ ಪದರ ಸಡಿಲ ಮಾಡಿ ನೀರನ್ನ ಒಳಗೆ ಬಿಟ್ಟುಕೊಳ್ತು. ಎಷ್ಟೋ ಹೊತ್ತಾದ ಮೇಲೆ ನೀರಿನ ತಳದಿಂದ ಕಿರಿಯವಳ ದನಿ ಬಂತು, ಇದ್ದೀನಿ ಅಂತ.

ಸರ ಹೊರಡ್ತು. ಜೇಡಿಮಣ್ಣು ತಡೀಲಿಲ್ಲ. "ಹೋಗ್ತೀವಿ ಅನ್ನಬೇಡಿ," ಅಂತಷ್ಟೇ ಕೇಳಿಕೊಳ್ತು.

"ಹೋಗಿ ಬರ್ತೀವಿ ತಾಯಿ," ಅಂದಳು ಹಿರಿಯವಳು. "ನಾವಷ್ಟೇ ಅಲ್ಲ, ನಮ್ಮಿಂದ ಹುಟ್ಟೋರೆಲ್ಲ ನಿನ್ನ ಹತ್ರಾನೇ ಬರ್ತೀವಿ. ಒಬ್ಬರೂ ತಪ್ಪಿಸಿಕೊಳ್ಳಲ್ಲ."

ಆ ಮಾತು ಅವರು ಉಳಿಸಿಕೊಂಡ್ರು ನೋಡು. ಅವರಿಂದ ಹುಟ್ಟಿದ ಮೀನು ಸತ್ತು ಮಣ್ಣಿಗೆ ಬಂತು, ಹುಲ್ಲು ಬಂತು, ಆನೆಯಂಥ ಆನೆ ಬಂತು. ಹೋದ ಮಾಘದಲ್ಲಿ ನಿಮ್ಮ ತಾತ ಹೋದರಲ್ಲ, ಅವರೂ ಅಲ್ಲಿಗೇ. ನನಗೂ ಇನ್ನೇನು ಬಹಳ ದಿನ ಇಲ್ಲ, ಅಳಬೇಡ, ಕರೆಯೋ ತಾಯಿ ಕೆಟ್ಟವಳಲ್ಲ. ಆದರೆ ಪಾಪ, ಆ ಮಣ್ಣಿಗೆ ಕಣ್ಣಿಲ್ಲ. ಯಾರ ಸಮಯ ಬಂತು, ಯಾರದು ಬಂದಿಲ್ಲ ಅಂತ ಮುಟ್ಟಿಯೇ ತಿಳೀಬೇಕು.

ಅದಕ್ಕೇ ರಾಚಿ, ತುಳಿಯೋ ಗುಂಡಿಯೊಳಗೆ ಮಣ್ಣು ನಿನ್ನ ಪುಟ್ಟ ಕಾಲನ್ನ ಹೀಗೆ ಮೆತ್ತಗೆ ಹಿಡಿದು, ಎಳೆದರೂ ಬಿಡದೆ ಬೆರಳ ಸಂದಿಗೆಲ್ಲ ನುಗ್ಗೋದು. ನಮ್ಮ ಮನೆ ಹೆಂಗಸರು ಹೇಳೋ ಹಾಗೆ ಬಗ್ಗಿ, ಮೆಲ್ಲಗೆ "ಇನ್ನೂ ಇಲ್ಲ ತಾಯಿ" ಅಂತ ಹೇಳಿ ಕಾಲೆತ್ತು, ಬಿಡುತ್ತೆ.