ಗಂಧ ಮೆತ್ತಿಕೊಂಡ ರೆಕ್ಕೆ

ಆಯುಧಪೂಜೆಯ ದಿನ ಪುಟ್ಟ ವಿಮಾನದ ರೆಕ್ಕೆಗೆ, ಮುಂದಿನ ಅಂಚಿನುದ್ದಕ್ಕೂ ದಪ್ಪಗೆ ಗಂಧ ಮೆತ್ತಿದರು. ರೆಕ್ಕೆ ಬೀಗಿತು.

ಮರುದಿನ ಹಾರುವ ಮುನ್ನ ಒರೆಸುವ ಬಟ್ಟೆ ಬಂದು ರೆಕ್ಕೆಗೆ ಹೇಳಿತು: "ಗಂಧ ಒಣಗಿ ಒರಟಾಗಿದೆ. ಗಾಳಿ ನಿಮ್ಮ ಬೆನ್ನಿಗಂಟಿ ಹರಿದು ನಿಮ್ಮನ್ನು ಮೇಲೆತ್ತಲಾರದು. ಒರೆಸಲೇ?"

"ದೂರ ನಿಲ್ಲು, ಚಿಂದಿಯೇ! ಇದು ಪೂಜೆಗೊಂಡ ಮೈ. ಬೇಕಿದ್ದರೆ ಗಾಳಿಯೇ ತಗ್ಗಿ ಬಗ್ಗಿ ಹೋಗಲಿ."

ವಿಮಾನ ಓಡಿತು. ಗಂಧದ ಗಂಟುಗಳಿಗೆ ಎಡವಿದ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚೆದುರಿತು. ರನ್‌ವೇ ಮುಗಿದರೂ ಚಕ್ರ ನೆಲ ಬಿಡದೆ, ವಿಮಾನ ಬೇಲಿ ಮುರಿದು ಜೋಳದ ಹೊಲಕ್ಕೆ ನುಗ್ಗಿ ನಿಂತಿತು.

"ನನ್ನನ್ನೇಕೆ ಎತ್ತಲಿಲ್ಲ?" ಎಂದು ರೆಕ್ಕೆ ಗಾಳಿಯ ಮೇಲೆ ಹರಿಹಾಯ್ದಿತು.

"ದೇವರನ್ನು ಎತ್ತುವ ಯೋಗ್ಯತೆ ನನಗೆಲ್ಲಿದೆ, ಮಹಾಸ್ವಾಮಿ?" ಎಂದಿತು ಗಾಳಿ. "ಈ ಹೊಲದಲ್ಲಿ ಬೆದರುಬೊಂಬೆಯ ಜಾಗ ಖಾಲಿಯಿದೆ. ಅಲ್ಲೇ ನಿಂತು ಕಾಗೆಗಳಿಂದ ಪೂಜೆ ಮಾಡಿಸಿಕೊಳ್ಳಿ."