ದಲ್ಲಾಳಿಯ ದವಡೆ ಹಲ್ಲು

“ಗುರುಗಳೇ, ನನ್ನ ಹಲ್ಲು ಈಗ ನೋಯುತ್ತಿಲ್ಲ. ನೋಯದ ಹಲ್ಲನ್ನು ವೈದ್ಯರಿಗೆ ಯಾಕೆ ತೋರಿಸಬೇಕು?” ಎಂದು ಚೆನ್ನವೀರನೆಂಬ ಶಿಷ್ಯ ಕೇಳಿದ. ಆರು ತಿಂಗಳಿಗೊಮ್ಮೆ ಮಠಕ್ಕೆ ಬರುವ ಹಲ್ಲಿನ ವೈದ್ಯರು ಅಂದು ಬಂದಿದ್ದರು. ಎಲ್ಲರೂ ಸಾಲಿನಲ್ಲಿ ಕುಳಿತಿದ್ದರು. ಇವನೊಬ್ಬ ಎದ್ದು ಬಂದಿದ್ದ.

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. “ಕೂತುಕೋ. ನಡುವೆ ಬಾಯಿ ಹಾಕದೆ ಕೇಳು,” ಎಂದು ಕತೆ ತೆಗೆದರು.

ಒಂದು ಸಂತೆಯಲ್ಲಿ ಒಬ್ಬ ದನದ ದಲ್ಲಾಳಿ ಇದ್ದ. ಅವನು ತುಟಿ ಎತ್ತಿ ಹಲ್ಲು ನೋಡದೆ ಆ ಸಂತೆಯಲ್ಲಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಕಣ್ಣು ಹಾಯಿಸಿದರೆ ಸಾಕು, ಎತ್ತಿನ ವಯಸ್ಸು ಹೇಳಿಬಿಡುತ್ತಿದ್ದ. ನೋಡದೆ ಕೊಳ್ಳಲು ಹೊರಟ ರೈತನ ಜನ್ಮ ಜಾಲಾಡುತ್ತಿದ್ದ. “ಮೇವು ತಿನ್ನುತ್ತದೆ ಅಂದರೆ ಮುಗಿಯಿತೇನಯ್ಯಾ? ಬಾಯಿ ತೆಗೆಸಿ ನೋಡುವುದಕ್ಕೆ ನಿನಗೇನು ಧಾಡಿ?”

ಇಂಥವನ ದವಡೆ ಹಲ್ಲು ಹುಳುಕಾಯಿತು. ತಣ್ಣೀರು ತಾಗಿದರೆ ಜೀವ ಹೋದಂತಾಗುತ್ತಿತ್ತು. ಆಸ್ಪತ್ರೆಗೆ ಹೋಗಿ ತೋರಿಸಿ ಎಂದು ಹೆಂಡತಿ ಗೋಗರೆದಳು. ಕೇಳಿದನೇ? ಇಲ್ಲ. ಲವಂಗ ತುರುಕಿಕೊಂಡ, ಹೊಗೆಸೊಪ್ಪು ಒತ್ತಿಕೊಂಡ, ಮತ್ತೆ ಸಂತೆಗೆ ಹೊರಟ.

ಒಂದು ಬೆಳಿಗ್ಗೆ ನೋವು ಮಾಯವಾಯಿತು. ಮೂರ್ಖ ಹಿರಿಹಿರಿ ಹಿಗ್ಗಿದ. ವೈದ್ಯನಿಲ್ಲದೆಯೇ ವಾಸಿಯಾಯಿತು ನೋಡು ಎಂದು ಹೆಂಡತಿಯನ್ನು ಹಂಗಿಸಿದ. ವಾಸಿ ಎಲ್ಲಿಂದ ಬರಬೇಕು! ಹಲ್ಲಿನೊಳಗಿನ ನರ ಸತ್ತಿತ್ತು, ಅದಕ್ಕೇ ನೋವು ನಿಂತಿತ್ತು. ಕೀವು ಮೆಲ್ಲಗೆ ಬೇರಿನಿಂದ ದವಡೆಗೆ ಇಳಿಯುತ್ತಿತ್ತು.

ಕೆನ್ನೆ ಊದಿತು. ಟವೆಲ್ಲು ಸುತ್ತಿಕೊಂಡ. ದನದ ವ್ಯಾಪಾರ ಹೇಗೆಂದು ನಿನಗೆ ಗೊತ್ತಲ್ಲ, ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ದವಡೆ ಬಿಗಿದು ಮಾತೇ ಹೊರಡದಿದ್ದರೂ ಅವನ ವ್ಯಾಪಾರ ನಿಲ್ಲಲಿಲ್ಲ. ಹೀಗಾಗಿ ಸಂತೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವನೂ ತಿಳಿಸಲಿಲ್ಲ. ಎಂಥ ಜಾಣ!

ಊತ ಕುತ್ತಿಗೆಗೆ ಇಳಿದು, ಗುಟುಕು ನೀರೂ ಸೇರದಾದಾಗ ಹೆಂಡತಿ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಬಾಯಿ ತೆಗೆಯಲು ಹೇಳಿದರು. ಅವನಿಂದ ಆಗಲಿಲ್ಲ. ಅದನ್ನು ಕಂಡು ಆ ಹೆಂಗಸು ಅಲ್ಲೇ ಸಿಡಿದಳು. “ಊರ ದನಗಳ ಬಾಯಿಗೆಲ್ಲ ಕೈ ಹಾಕಿದಿರಿ. ನಿಮ್ಮ ಬಾಯಿಯನ್ನು ಒಮ್ಮೆ ತೋರಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?”

ಅವನು ಅಳುತ್ತಾ ಅವಳ ಕೈ ಹಿಡಿದುಕೊಂಡ. ವೈದ್ಯರು ಮಾಡುವುದನ್ನೆಲ್ಲ ಮಾಡಿದರು. ಆದರೂ ಸಂಜೆಯೊಳಗೆ ಉಸಿರುಕಟ್ಟಿ ಸತ್ತ.

“ಹಲ್ಲಿನಿಂದ ಸಾಯುವುದುಂಟೇ ಗುರುಗಳೇ?” ಚೆನ್ನವೀರ ತಡೆಯಲಾರದೆ ಕೇಳಿದ.

“ಸತ್ತನಲ್ಲಯ್ಯಾ! ಮೊದಲೇ ತೋರಿಸಿದ್ದರೆ ಸಾಸಿವೆಯಷ್ಟು ತೂತು. ಅದನ್ನು ಮುಚ್ಚಿ, ಆರು ತಿಂಗಳಿಗೆ ಮತ್ತೆ ಬಾ ಎಂದು ಮನೆಗೆ ಕಳಿಸುತ್ತಿದ್ದರು. ಅನ್ಯಾಯವಾಗಿ ಸತ್ತ!”

ಚೆನ್ನವೀರ ತಲೆ ತಗ್ಗಿಸಿದ. ಅವನ ಕೈ ಅವನಿಗೇ ಅರಿವಿಲ್ಲದೆ ಎಡಗೆನ್ನೆಗೆ ಹೋಗಿತ್ತು. ಗುರುಗಳು ಆ ಕೈಯನ್ನೇ ದಿಟ್ಟಿಸಿ ಕೇಳಿದರು.

“ನಿನಗೆ ನೋವು ನಿಂತು ಎಷ್ಟು ದಿನವಾಯಿತು?”