ಎಡಪಕ್ಕೆಯ ಸ್ಪಂಜು

ಗುರುವಾದವನಿಗೆ ಸಿಟ್ಟು ಬರಬಾರದು ಅಂತ ಯಾರೋ ಪುಣ್ಯಾತ್ಮರು ಹೇಳಿದ್ದಾರೆ. ಅವರು ಹೊನ್ನಯ್ಯ ಮೇಷ್ಟ್ರನ್ನು ಕಂಡವರಲ್ಲ. ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹೊಳೆದಂಡೆಯಲ್ಲಿ ಅವರದೊಂದು ಕೊಟ್ಟಿಗೆ. ಅಲ್ಲಿ ಶಿಷ್ಯರನ್ನು ಕೂರಿಸಿಕೊಂಡು ಸ್ಪಂಜಿನ ಕತ್ತಿ, ಗುರಾಣಿ, ಕವಚ ಮಾಡಿಸುತ್ತಿದ್ದರು. ಕತ್ತಿಯ ಒಳಗೆ ಬಿದಿರು, ಅದರ ಸುತ್ತ ಸ್ಪಂಜು, ಮೇಲೊಂದು ಬಟ್ಟೆ. ಅದನ್ನೆಲ್ಲ ತೊಟ್ಟು ಹೊಳೆಯ ಮರಳಿನಲ್ಲಿ ಕಾಳಗದ ಆಟ. ಆಟ ಅಂದಮಾತ್ರಕ್ಕೆ ಏಟು ಬೀಳುವುದಿಲ್ಲ ಅಂತಲ್ಲ.

ಕೊಟ್ಟಿಗೆಗೆ ಒಂದು ಕಟ್ಟಳೆ ಇತ್ತು. ನಾಳೆ ನೀನು ಯಾರ ಎದುರು ನಿಲ್ಲುತ್ತೀಯೋ, ಅವರ ಕವಚವನ್ನು ಇವತ್ತು ನೀನೇ ಹೊಲಿಯಬೇಕು. ನಿನ್ನದನ್ನು ಅವರು ಹೊಲಿಯುತ್ತಾರೆ.

ಈ ಸಲ ಶಿಷ್ಯೆ ಸುಗುಣಳ ಪಾಲಿಗೆ ಬಂದವನು ರೇಣುಕಪ್ಪ.

ಬೇರೆ ಯಾರಾದರೂ ಆಗಿದ್ದರೆ ಅವಳು ಹಾಡು ಹೇಳಿಕೊಂಡು ಹೊಲಿಯುತ್ತಿದ್ದಳು. ಆದರೆ ಹೋದ ವರ್ಷ, ಅವಳು ಸೋತೆನೆಂದು ಕೈ ಎತ್ತಿದ ಮೇಲೂ, ಈ ರೇಣುಕಪ್ಪ ಅವಳ ಎಡಗಿವಿಗೆ ಬಾರಿಸಿದ್ದ. ಆ ಕಿವಿ ಅವತ್ತೇ ಕೇಳದೆ ಹೋಯಿತು. ಮೇಷ್ಟ್ರು ಅವನಿಗೆ ಬಾಯಿಗೆ ಬಂದಹಾಗೆ ಬೈದು, ಒಂದು ಮಳೆಗಾಲ ಕೊಟ್ಟಿಗೆಗೆ ಕಾಲಿಡಬೇಡ ಅಂದರು. ಮಳೆಗಾಲ ಮುಗಿಯಿತು, ಅವನು ಬಂದ, ಮೇಷ್ಟ್ರು ಸೇರಿಸಿಕೊಂಡರು.

ಒಂದು ಮಳೆಗಾಲ. ಅವಳ ಕಿವಿಗೆ ಇವರು ಕಟ್ಟಿದ ಬೆಲೆ ಅಷ್ಟೇ. ಅದು ನೆನಪಾದಾಗೆಲ್ಲ ಸುಗುಣ ಉರಿದುಬೀಳುತ್ತಿದ್ದಳು.

ಅವಳು ಸ್ಪಂಜು ಕತ್ತರಿಸುತ್ತಿದ್ದಾಗ ರೇಣುಕಪ್ಪನೇ ಬಂದು, ತಾನು ಹೊಲಿದ ಶಿರಸ್ತ್ರಾಣವನ್ನು ಅವಳ ಮುಂದಿಟ್ಟು, ತಲೆ ಎತ್ತದೆ ಹೋದ. ಎಡಗಿವಿಯ ಜಾಗಕ್ಕೆ ಎರಡು ಪದರ ಸ್ಪಂಜು ಹಾಕಿದ್ದ.

ಇದನ್ನು ನೋಡಿ ಅವಳ ಮನಸ್ಸು ಕರಗಿತು ಅಂದುಕೊಂಡಿರೇನು? ಇನ್ನಷ್ಟು ಉರಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಅವಳು ರೇಣುಕಪ್ಪನ ಕವಚವನ್ನು ಎಳೆದುಕೊಂಡಳು. ಎದೆಗೆ ದಪ್ಪ ಸ್ಪಂಜು ತುಂಬಿದಳು. ಬೆನ್ನಿಗೂ ತುಂಬಿದಳು. ಎಡಪಕ್ಕೆಯ ಹತ್ತಿರ ಬಂದಾಗ ಕೈ ನಿಂತಿತು. ಅಲ್ಲಿ ಒಂದು ಅಂಗೈಯಗಲ ಸ್ಪಂಜು ತುಂಬದೆ ಬಿಟ್ಟು, ಹಳೇ ಬಟ್ಟೆ ಮಡಿಸಿಟ್ಟು, ಮೇಲೆ ಅಂದವಾಗಿ ಹೊಲಿಗೆ ಹಾಕಿದಳು. ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ನಾಳೆ ಎಲ್ಲಿಗೆ ಹೊಡೆಯಬೇಕು ಅನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಸಂಜೆಗೆ ಮೇಷ್ಟ್ರು ಬಂದು ಎಲ್ಲರ ಕವಚಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಸುಗುಣ ಹೊಲಿದಿದ್ದರ ಎಡಪಕ್ಕೆಗೆ ಬಂದಾಗ ಹೆಬ್ಬೆರಳು ಅಲ್ಲೇ ಉಳಿಯಿತು.

ಅವರು ಏನೂ ಬೈಯಲಿಲ್ಲ. ಅವಳಿಗೆ ಭಯವಾದದ್ದೇ ಅದಕ್ಕೆ.

"ಕತ್ತಿ ತಗೊಂಡು ಮರಳಿಗೆ ಬಾ," ಅಂದರು. ಹೋಗುತ್ತಾ ಆ ಕವಚವನ್ನು ತಾವೇ ತೊಟ್ಟು ದಾರ ಬಿಗಿದುಕೊಂಡರು.

ಸುಗುಣ ಹಿಂದೆಯೇ ಹೋದಳು. "ಅದು ನಿಮ್ಮ ಅಳತೆಯದಲ್ಲ ಮೇಷ್ಟ್ರೇ. ಬಿಚ್ಚಿಕೊಡಿ."

"ಅಳತೆ ಸರಿಯಾಗೇ ಇದೆ. ಹೊಡಿ."

"ನಿಮ್ಮನ್ನ ಯಾಕೆ ಹೊಡೀಲಿ?"

ಮೇಷ್ಟ್ರು ಅವಳ ಬಲಗಿವಿಯ ಕಡೆಗೆ ಸರಿದು ನಿಂತರು. "ಅವನನ್ನ ತಿರುಗಿ ಸೇರಿಸಿಕೊಂಡವನು ನಾನು. ವರ್ಷದಿಂದ ನನ್ನ ಮುಖಾನೂ ನೆಟ್ಟಗೆ ನೋಡಿಲ್ಲ ನೀನು. ಸಿಟ್ಟಿಲ್ಲ ಅಂತ ಸುಳ್ಳು ಹೇಳಬೇಡ."

"ಇದೆ. ಬೇಕಾದಷ್ಟಿದೆ."

"ಮತ್ತಿನ್ನೇನು? ಹೊಡಿ."

ಅವಳು ಭುಜಕ್ಕೆ ಹೊಡೆದಳು. ಮೇಷ್ಟ್ರು ಅಲುಗಲಿಲ್ಲ. ಎದೆಗೆ ಹೊಡೆದಳು.

"ಹಿಟ್ಟು ನಾದೋಕೆ ಬಂದಿದೀಯೇನು?" ಮೇಷ್ಟ್ರು ಗದರಿದರು. "ಮಧ್ಯಾಹ್ನವೆಲ್ಲ ಕೂತು ಅಷ್ಟು ಅಚ್ಚುಕಟ್ಟಾಗಿ ಹೊಲಿದೆಯಲ್ಲ. ಆ ಜಾಗಕ್ಕೆ ಹೊಡಿ." ಎಡಗೈ ಮೇಲೆತ್ತಿ ಪಕ್ಕೆ ತೋರಿಸಿ ನಿಂತರು.

ಸಿಕ್ಕಿಬಿದ್ದೆ ಅಂತ ಗೊತ್ತಾದಾಗ ಕೆಲವರಿಗೆ ನಾಚಿಕೆಯಾಗುತ್ತದೆ. ಸುಗುಣಳಿಗೆ ಮೈಯೆಲ್ಲ ಉರಿದುಹೋಯಿತು. ಹೋದ ಕಿವಿ, ಆ ಒಂದು ಮಳೆಗಾಲ, ಆ ಎರಡು ಪದರ ಸ್ಪಂಜು, ಎಲ್ಲ ಒಟ್ಟಿಗೇ ತಲೆಗೇರಿತು. ಅವಳು ಬೀಸಿಬಿಟ್ಟಳು.

ಮೇಷ್ಟ್ರು ಮೊಣಕಾಲೂರಿ ಮರಳಿಗೆ ಕುಸಿದರು. ಸ್ವಲ್ಪ ಹೊತ್ತು ಅವರಿಗೆ ಉಸಿರೇ ಬರಲಿಲ್ಲ.

ಸುಗುಣ ಕತ್ತಿ ಎಸೆದು ಓಡಿದಳು. ಪಕ್ಕೆ ಮುಟ್ಟಲು ಹೋದರೆ ಅವರು ಕೈ ತಳ್ಳಿದರು.

"ಇಳೀತಾ ಸಿಟ್ಟು?" ಅಂದರು, ಹಲ್ಲು ಕಚ್ಚಿಕೊಂಡು.

"ಆಸ್ಪತ್ರೆಗೆ ಹೋಗೋಣ ಏಳಿ ಮೇಷ್ಟ್ರೇ."

"ಕೇಳಿದ್ದಕ್ಕೆ ಹೇಳು."

"ಇಲ್ಲ. ಒಂದು ಕೂದಲೆಳೆಯಷ್ಟೂ ಇಳಿದಿಲ್ಲ." ಅವಳಿಗೆ ಅಳು ಬಂತು. ಅತ್ತದ್ದಕ್ಕೆ ತನ್ನ ಮೇಲೇ ಕೋಪವೂ ಬಂತು. "ಅವನಿಗೆ ಅಂತ ಮಾಡಿದ್ದು ನಿಮಗೆ ಬಿತ್ತು. ಹೇಳಬಾರದಿತ್ತಾ? ಎರಡು ಬೈದು ಬಿಚ್ಚು ಅಂದಿದ್ದರೆ ಬಿಚ್ಚುತ್ತಿದ್ದೆ."

"ನಿನ್ನ ಕೈ ಬಿಚ್ಚುತ್ತಿತ್ತು. ನಾನು ಆಚೆ ಹೋದ ಮೇಲೆ ಇನ್ನೊಂದು ಕಡೆ ಸ್ಪಂಜು ತುಂಬದೆ ಬಿಡುತ್ತಿತ್ತು."

 ಮುದುಕ ಹೇಳಿದ್ದು ನಿಜವೇ ಆಗಿತ್ತು.

"ನಾನು ನಾಳೆ ಆಡಲ್ಲ," ಅಂದಳು. "ಇವತ್ತೇ ಊರಿಗೆ ಹೋಗ್ತೀನಿ. ಅವನನ್ನ ಬೇಕಾದರೆ ತಲೆ ಮೇಲೆ ಕೂರಿಸಿಕೊಳ್ಳಿ."

ಮೇಷ್ಟ್ರ ಕಣ್ಣು ಕೆಂಪಾಯಿತು. ಏಟು ಬಿದ್ದಾಗಲೂ ಅವರಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

"ಯಾಕೆ ಹೋಗ್ತೀಯ? ಅವನು ಮಾಡಿದ್ದು ತಪ್ಪಲ್ವಾ?"

"ತಪ್ಪು."

"ಕೈ ಎತ್ತಿದವಳಿಗೆ ಹೊಡೆದ. ಅದಕ್ಕೆ ನಿನಗೆ ಸಿಟ್ಟು ಬಂತು. ಆ ಸಿಟ್ಟು ತಪ್ಪಾ?"

 ಇಷ್ಟು ದಿನ ಎಲ್ಲರೂ ಅವಳಿಗೆ ಹೋಗಲಿ ಬಿಡು, ಮರೆತುಬಿಡು ಅಂದಿದ್ದರೇ ಹೊರತು, ಯಾರೂ ಹೀಗೆ ಕೇಳಿರಲಿಲ್ಲ.

"ತಪ್ಪಲ್ಲ," ಅಂದಳು.

"ನಾನು ಒಂದು ಮಳೆಗಾಲ ಅಂದದ್ದು ಕಮ್ಮಿಯಾಯಿತು ಅಂತ ಅನ್ನಿಸುತ್ತಾ?"

"ಅನ್ನಿಸುತ್ತೆ."

"ನನಗೂ ಅನ್ನಿಸುತ್ತೆ," ಅಂದರು ಮೇಷ್ಟ್ರು.

ಅವಳು ಅವರ ಮುಖವನ್ನೇ ನೋಡಿದಳು. ಮೇಷ್ಟ್ರು ನರಳುತ್ತಾ ಕವಚದ ದಾರ ಬಿಚ್ಚಿ, ಅದನ್ನು ತಲೆಯ ಮೇಲಿಂದ ತೆಗೆದು, ಅವಳ ಮಡಿಲಿಗೆ ಎಸೆದರು.

"ಈ ಪಕ್ಕೆಗೆ ಎರಡು ಪದರ ಸ್ಪಂಜು ತುಂಬಿ ಹೊಲಿ. ಹೊಲಿದು, ನಾಳೆ ಎಲ್ಲರೂ ನೋಡುತ್ತಿರುವಾಗ, ನಿನ್ನ ಸಿಟ್ಟು ಎಷ್ಟಿದೆಯೋ ಅಷ್ಟನ್ನೂ ಸೇರಿಸಿ ಅಲ್ಲಿಗೇ ಹೊಡಿ."